ಕದ್ದರೂ ಒಳ್ಳೆಯವರೇ

ಮದುವೆಯಾದ ಮೊದಲ ಬೇಸಿಗೆಯಲ್ಲಿ ನನ್ನ ಗಂಡ ದಿನಾ ಸಂಜೆ ಕಳ್ಳತನ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಶಹಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಗಲೆಲ್ಲ ಪಕ್ಕದವರ ಪವರ್‌ಲೂಮಿನ ಸದ್ದಿಗೆ ನಮ್ಮ ಗೋಡೆ ನಡುಗುತ್ತಿತ್ತು. ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ, ನನ್ನ ಗಂಡನ ಸೋದರಮಾವನ ಮಗ ತನ್ನ ಹಳೆಯ ಕಂಪ್ಯೂಟರನ್ನು ಮದುವೆಯ ಉಡುಗೊರೆ ಎಂದು ನಮ್ಮಲ್ಲೇ ಬಿಟ್ಟುಹೋಗಿದ್ದ. ಕಂಪ್ಯೂಟರ್ ಎಂದರೆ ಒಂದು ಕೀಲಿಮಣೆ, ಅಷ್ಟೆ. ಅದನ್ನು ಟಿವಿಗೂ ಟೇಪ್ ರೆಕಾರ್ಡರಿಗೂ ಜೋಡಿಸಬೇಕು. ಆಟದ ಕ್ಯಾಸೆಟ್ ಹಾಕಿದರೆ ಹಾಡು ಬರುತ್ತಿರಲಿಲ್ಲ, ಕಿವಿ ಕೊರೆಯುವ ಕಿರುಚಾಟ ಬರುತ್ತಿತ್ತು. ಅದು ಮುಗಿಯುವತನಕ ಕರೆಂಟು ಹೋಗದಿದ್ದರೆ ಪರದೆಯ ಮೇಲೆ ಒಂದು ರಾಜ್ಯ ಮೂಡುತ್ತಿತ್ತು: ಕೋಟೆ, ಕಾಡು, ಸಾಲು ಮನೆಗಳು, ಬೆಟ್ಟದ ಗವಿಯಲ್ಲಿ ಒಬ್ಬ ರಾಕ್ಷಸ.

ಆಟ ಶುರುವಾಗುವ ಮೊದಲು ನೀವು ಎಂಥವರು ಎಂದು ಅದು ಕೇಳುತ್ತಿತ್ತು. ಒಳ್ಳೆಯವರೋ, ಕೆಟ್ಟವರೋ, ಎರಡೂ ಅಲ್ಲದವರೋ. ನನ್ನ ಗಂಡ ಹೆಚ್ಚು ಯೋಚಿಸದೆ ಒಳ್ಳೆಯವನು ಎಂಬುದನ್ನು ಒತ್ತಿ, ಕೋಟೆಯ ಬಾಗಿಲು ದಾಟಿದ್ದೇ ತಡ, ಮೊದಲ ಮನೆಗೆ ನುಗ್ಗಿ ಪೆಟ್ಟಿಗೆ ತೆರೆದರು. ಎರಡನೆಯ ಮನೆಗೆ ಹೋದರು. ಬಂಗಾರ, ರೊಟ್ಟಿ, ಔಷಧಿ, ಕತ್ತಿ, ಸಿಕ್ಕಿದ್ದೆಲ್ಲ ಜೋಳಿಗೆಗೆ ಬಿತ್ತು. ಪ್ರತಿ ಪೆಟ್ಟಿಗೆಗೂ ಟಿವಿ ಪೀಂ ಎಂದು ಶಹಬ್ಬಾಸ್ ಹೇಳುತ್ತಿತ್ತು. ಮನೆಯ ಯಜಮಾನ ಅಲ್ಲೇ, ಮೂಲೆಯಲ್ಲೇ ನಿಂತಿರುತ್ತಿದ್ದ. ಮಾತಾಡಿಸಿದರೆ ಇವತ್ತು ಹವೆ ಚೆನ್ನಾಗಿದೆ ಎನ್ನುತ್ತಿದ್ದ. ಇಷ್ಟಾದರೂ ಪರದೆಯ ಮೇಲ್ಗಡೆ ಇವರ ಹೆಸರಿನ ಮುಂದೆ ಒಳ್ಳೆಯವನು ಎಂದೇ ಇತ್ತು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾನು ಖಾನಾಪುರದವಳು, ಬಿ.ಎಸ್ಸಿ. ಓದಿದ್ದೆ, ಇಂಗ್ಲಿಷ್ ಅರ್ಥವಾಗುತ್ತಿತ್ತು. ಆ ಮನೆಗಳ ಜನ ಹೇಳುವುದನ್ನು ಓದಿ ಗಂಡನಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಬಡಕಲು ಮುದುಕಿಯೊಬ್ಬಳು, ಮಗ ಯುದ್ಧಕ್ಕೆ ಹೋಗಿದ್ದಾನೆ ಅನ್ನುತ್ತಿದ್ದಳು. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಇವರು ಅವಳ ಕಂದೀಲು ಎತ್ತಿಕೊಂಡಾಗಿರುತ್ತಿತ್ತು.

ಒಂದು ದಿನ ಅವರು ಕೆಲಸಕ್ಕೆ ಹೋದ ಮೇಲೆ ನಾನೇ ಆಟ ಹಚ್ಚಿದೆ. ನಾನೂ ಒಳ್ಳೆಯವಳು ಎಂದೇ ಒತ್ತಿದೆ. ಹಾಗೇ ಇರುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೆ. ಯಾರ ಮನೆಗೂ ಹೋಗಲಿಲ್ಲ. ಬಾಗಿಲು ಬಡಿಯುವುದು ಹೇಗೆ ಎಂದು ಕೀಲಿಮಣೆಯೆಲ್ಲ ಒತ್ತಿ ನೋಡಿದೆ. ನುಗ್ಗಲಿಕ್ಕೆ ಒಂದು ಗುಂಡಿ ಇತ್ತು, ಬಡಿಯಲಿಕ್ಕೆ ಇರಲಿಲ್ಲ. ಕಂದೀಲಿಲ್ಲದೆ ಗವಿಗೆ ಹೋಗಿ ಕತ್ತಲಲ್ಲಿ ಸತ್ತೆ. ಮತ್ತೆ ಹೋಗಿ ಮತ್ತೆ ಸತ್ತೆ. ಕೊನೆಗೆ ಮುದುಕಿಯ ಕಂದೀಲು ತೆಗೆದುಕೊಂಡೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಮನಸ್ಸು ತಡೆಯದೆ ತಿರುಗಿ ಬಂದೆ. ಪೆಟ್ಟಿಗೆಯೊಳಗೆ ವಾಪಸ್ ಇಡಲು ಬರುತ್ತಿರಲಿಲ್ಲ. ನೆಲದ ಮೇಲೆ ಹಾಕಿದೆ. ಹಾಕಿದ ಕೂಡಲೇ ಅದು ಮಾಯವಾಯಿತು. ಮುದುಕಿ, ಮಗ ಯುದ್ಧಕ್ಕೆ ಹೋಗಿದ್ದಾನೆ ಎಂದಳು.

ಸಂಜೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮದುವೆಗೆ ಮುಂಚೆ ನಾವು ಒಬ್ಬರನ್ನೊಬ್ಬರು ನೋಡಿದ್ದು ಒಂದು ತಟ್ಟೆ ಅವಲಕ್ಕಿ ತಿನ್ನುವಷ್ಟು ಹೊತ್ತು. ಈ ಮನುಷ್ಯ ಎಂಥವನು ಎಂದು ತಿಳಿಯಲು ನನಗೆ ಬೇರೆ ಏನಿತ್ತು? ಅವರು ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ನಟ್ಟು, ಬೋಲ್ಟು, ಸಣ್ಣ ಸ್ಪ್ರಿಂಗು ಸಿಗುತ್ತಿದ್ದವು. ಮೊದಲು ಅವನ್ನು ತೆಗೆದು ಕಿಟಕಿಯಲ್ಲಿ ಇಡುತ್ತಿದ್ದೆ. ಆಟ ಬಂದ ಮೇಲೆ ಅವು ನನ್ನ ಕಣ್ಣಿಗೆ ಚುಚ್ಚತೊಡಗಿದವು. ಒಂದು ಬೆಳಿಗ್ಗೆ ಕೇಳಿಯೇಬಿಟ್ಟೆ.

“ಇವು ಯಾರವು ರೀ?”

ಅವರಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಮುಖ ಸಣ್ಣದಾಯಿತು. ಉಪಯೋಗಕ್ಕೆ ಬಾರದವು, ಕಸಕ್ಕೆ ಹೋಗುವವು, ಕೈಗೆ ಬಂದಾಗ ಜೇಬಿಗೆ ಹಾಕಿಕೊಂಡಿರುತ್ತೇನೆ ಎಂದರು. ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ವರ್ಕ್‌ಶಾಪಿಗೆ ವಾಪಸ್ ಒಯ್ದರು. ಆ ವಾರ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯಲಿಲ್ಲ.

ಮುಂದಿನ ರವಿವಾರ ನನ್ನ ಸೋದರತ್ತೆಯ ಮನೆಗೆ ಊಟಕ್ಕೆ ಹೋಗಬೇಕಿತ್ತು. ಹೊಸ ಜೋಡಿಯನ್ನು ಕರೆಯುವ ಪದ್ಧತಿ. ಖಾನಾಪುರ ದಾಟಿ ಗುಂಜಿಯಲ್ಲಿ ರೈಲು ಇಳಿದು ಕಾಡಿನ ಅಂಚಿನ ದಾರಿ ಹಿಡಿದೆವು. ನೇರಳೆ ಮರವೊಂದರ ಕೆಳಗೆ ಅವರು ಟೊಂಗೆ ಸರಿಸಿದ್ದಷ್ಟೇ ನನಗೆ ಗೊತ್ತು, ಗೂಡಿನಿಂದ ಕಣಜದ ಹುಳುಗಳು ಎದ್ದವು. ನನ್ನನ್ನು ಮುಂದೆ ನೂಕಿದರು. ನನಗೆ ಒಂದೂ ಕಚ್ಚಲಿಲ್ಲ. ಅವರ ಕುತ್ತಿಗೆ, ಕಿವಿ, ಹಣೆಗೆಲ್ಲ ಕಚ್ಚಿದವು. ಸ್ವಲ್ಪ ದೂರ ಓಡಿ ಬಂದೆವು, ಆಮೇಲೆ ಅವರಿಗೆ ನಡೆಯಲಾಗಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು.

ಎದುರಿಗೆ ಒಂಟಿ ಮನೆ. ಕೂಗಿದೆ, ಯಾರೂ ಬರಲಿಲ್ಲ. ಬಾಗಿಲಿಗೆ ಚಿಲಕ ಮಾತ್ರ ಇತ್ತು. ಅವರನ್ನು ಕಟ್ಟೆಯ ಮೇಲೆ ಕೂರಿಸಿ ನಾನು ಚಿಲಕಕ್ಕೆ ಕೈ ಹಾಕಿದೆ.

“ಒಳಗ ಹೋಗಬ್ಯಾಡ,” ಎಂದರು ಅವರು. ತುಟಿ ಬಾತು ಮಾತು ತೊದಲುತ್ತಿತ್ತು. “ಯಾರಿಲ್ಲದ ಮನಿ ಐತಿ. ಹೊರಗ ನಿಂದರೂಣು.”

ನಾನು ಕೇಳಲಿಲ್ಲ. ಒಳಗೆ ತಂಪು ಕತ್ತಲೆ. ಕೊಡದಿಂದ ತಂಬಿಗೆಗೆ ನೀರು ಬಗ್ಗಿಸಿದೆ. ಕಚ್ಚಿದಲ್ಲಿ ಹಚ್ಚಲು ಸುಣ್ಣ ಬೇಕಿತ್ತು. ಗೋಡೆಯ ಮಾಡದಲ್ಲಿದ್ದ ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದೆ: ಉಪ್ಪು, ಅರಿಶಿನ, ಹುರಳಿ. ಮೂಲೆಯ ಟ್ರಂಕನ್ನೂ ತೆರೆದೆ. ಮಡಚಿಟ್ಟ ಹಸಿರು ಸೀರೆ, ಅದರ ಮೇಲೆ ಯಾರದೋ ಫೋಟೋ. ಮುಚ್ಚಿದೆ. ಗೂಟಕ್ಕೆ ತೂಗುಬಿದ್ದ ಎಲೆಅಡಿಕೆಯ ಚೀಲದಲ್ಲಿ ಕಡೆಗೂ ಸುಣ್ಣದ ಪುಟ್ಟ ಡಬ್ಬಿ ಸಿಕ್ಕಿತು. ಅವರ ಕುತ್ತಿಗೆಗೆ ಹಚ್ಚುವಾಗ ನನಗಿದ್ದದ್ದು ಅವರ ಉಸಿರಿನ ಹೆದರಿಕೆ. ಬೇರೆ ಏನೂ ಆ ಹೊತ್ತು ನನ್ನ ತಲೆಯಲ್ಲಿರಲಿಲ್ಲ.

ಸೌದೆಯ ಹೊರೆ ಹೊತ್ತು ಆ ಮನೆಯ ಹೆಂಗಸು ಬಂದಾಗ ಅವರ ಉಸಿರಿನ ಗೊರಗೊರ ಇಳಿದಿತ್ತು. ತೆರೆದ ಬಾಗಿಲು ನೋಡಿ ಅವಳು ಅಂಗಳದಲ್ಲೇ ನಿಂತಳು. ನಾನು ಆ ಕಡೆಯ ಮಾತಾದ ಮರಾಠಿಯಲ್ಲಿ ನಡೆದದ್ದೆಲ್ಲ ಹೇಳಿದೆ, ಅತ್ತೆಯ ಮನೆತನ ಹೇಳಿದೆ. ಅವಳು ಹೊರೆ ಇಳಿಸಿ ಇವರ ಮುಖ ಎತ್ತಿ ನೋಡಿದಳು. ಸುಣ್ಣ ಹಚ್ಚಿದ್ದು ಒಳ್ಳೆಯದಾಯಿತು ಎಂದಳು, ಬೆಲ್ಲ ನೀರು ಕೊಟ್ಟಳು. ನಿಮ್ಮದೇ ಮನೆ ಅಂದುಕೊಳ್ಳಿ ಎಂದೂ ಹೇಳಿದಳು. ಆದರೆ ಬೆಲ್ಲ ತರಲು ಒಳಗೆ ಹೋದವಳು ಬೇಗ ಬರಲಿಲ್ಲ. ಟ್ರಂಕಿನ ಮುಚ್ಚಳ ಕರ್ ಎಂದದ್ದು ನನಗೆ ಕೇಳಿಸಿತು. ನನ್ನ ಗಂಡನಿಗೂ ಕೇಳಿಸಿತು. ಅವರು ತಲೆ ತಗ್ಗಿಸಿದರು. ಹೊರಟು ನಿಂತಾಗ ಅವಳಿಗೆ ಮತ್ತೆ ಮತ್ತೆ ಕೈ ಮುಗಿದರು.

ಅತ್ತೆಯ ಮನೆಯಲ್ಲಿ ಊಟ ಯಾರಿಗೂ ರುಚಿಸಲಿಲ್ಲ. ವಾಪಸ್ ಬರುವಾಗ, ಗುಂಜಿಯ ಪ್ಲಾಟ್‌ಫಾರ್ಮಿನಲ್ಲಿ ತಡವಾದ ರೈಲಿಗೆ ಕಾಯುತ್ತ, ನಾನು ಕೇಳದೆಯೇ ಅವರು ಮಾತು ತೆಗೆದರು. ಅವರ ಅಪ್ಪ ಸೀರೆ ನೇಯುತ್ತಿದ್ದರು. ನೇಯ್ದದ್ದನ್ನು ವ್ಯಾಪಾರಿಗಳ ದೊಡ್ಡ ಮನೆಗಳಿಗೆ ಅಪ್ಪನ ಜತೆ ಇವರೂ ಹೊತ್ತುಕೊಂಡು ಹೋಗುತ್ತಿದ್ದರಂತೆ. ಒಳಗಿನಿಂದ ಯಾರಾದರೂ ಬಂದು ಗಂಟು ಒಯ್ಯುತ್ತಿದ್ದರು. ಇವರು ಹೊಸ್ತಿಲಾಚೆ, ಬಿಸಿಲಲ್ಲಿ ಕಾಯಬೇಕು.

“ಆ ಆಟದಾಗ ಹೊರಗ ನಿಂದರು ಅಂತ ಯಾರೂ ಅನ್ನೂದಿಲ್ಲ,” ಎಂದರು. “ಕದಿಯೂದು ಏನ್ ದೊಡ್ಡದಲ್ಲ. ಒಳಗ ಹೋಗೂದೈತಲ್ಲ, ಅದು.”

ಅವರು ಎಂಥವರೆಂದು ಆ ಸಂಜೆ ಸ್ವಲ್ಪ ತಿಳಿಯಿತು. ನಾನು ಎಂಥವಳೆಂಬುದು ಮಾತ್ರ ಮೊದಲಿಗಿಂತ ಗೊಂದಲವಾಯಿತು. ಹೋಗಬೇಡ ಎಂದರೂ ಬಾಗಿಲು ತೆರೆದವಳು ನಾನು, ಟ್ರಂಕಿಗೆ ಕೈ ಹಾಕಿದವಳೂ ನಾನು. ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಹಾಗೇ ಮಾಡುತ್ತೇನೆ. ಆ ಟ್ರಂಕಿನ ಕರ್ ಎನ್ನುವ ಸದ್ದು ಮಾತ್ರ ಎಷ್ಟೋ ದಿನ ಕಿವಿಯಿಂದ ಹೋಗಲಿಲ್ಲ.

ಮಳೆ ಹಿಡಿಯುವ ಮುಂಚೆ ಮತ್ತೊಮ್ಮೆ ಗುಂಜಿಗೆ ಹೋದೆವು. ಆ ಒಂಟಿ ಮನೆಯವಳಿಗೆಂದು ಶಹಾಪುರದ ಒಂದು ಸೀರೆ, ಸಿಹಿಗೆ ಸ್ವಲ್ಪ ಕುಂದಾ, ಒಂದು ಕಟ್ಟು ವೀಳ್ಯದೆಲೆ ಒಯ್ದಿದ್ದೆ. ಬಾಗಿಲಿಗೆ ಬೀಗ ಇತ್ತು. ಹೊಸದು, ಇನ್ನೂ ಹೊಳೆಯುತ್ತಿತ್ತು. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಮುದುಕ, ಅವಳು ಮಗಳ ಬಾಣಂತನಕ್ಕೆ ಗೋವಾಕ್ಕೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ ಎಂದ.

“ದೂರ ಹ್ವಾದ್ರ ಕೀಲಿ ಹಾಕಾಕಬೇಕಲ್ಲ,” ಎಂದರು ನನ್ನ ಗಂಡ.

ಹೌದು ಎಂದೆ. ನಾನು ಒಳಗೆ ಹೋಗುವ ಮೊದಲೂ ಈ ಮನೆಗೆ ಬೀಗ ಇರುತ್ತಿತ್ತೇ ಎಂದು ಮುದುಕನನ್ನು ಕೇಳಬಹುದಿತ್ತು. ಕೇಳಲಿಲ್ಲ. ಎಮ್ಮೆಗಳು ಮುಂದೆ ಹೋದವು, ಅವನೂ ಹೋದ. ಗಂಟನ್ನು ಅತ್ತೆಯ ಕೈಗೆ ಕೊಟ್ಟು, ಆ ಹೆಂಗಸು ಬಂದ ಮೇಲೆ ತಲುಪಿಸಿ ಎಂದು ಹೇಳಿ ರೈಲು ಹತ್ತಿದೆವು. ಖಾನಾಪುರ ಬರುವವರೆಗೂ ನಾನು ಕೂತೆ, ಎದ್ದೆ, ಮತ್ತೆ ಕೂತೆ.