ಅಜ್ಜ ನಿಂತಲ್ಲಿ ನಿಂತದ್ದು

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಕುರ್‌ಆನ್ ಸರಿಯಾಗಿ ಓದುವುದನ್ನು ಕಲಿಯಲು ಕೂತೆ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೇನೆ. ಯಾವುದು ನಿಜ ಎಂದು ಈಗ ನನಗೂ ಗೊತ್ತಿಲ್ಲ. ಸೊರಬದಲ್ಲಿ ಹೆಂಗಸರಿಗೆ, ಅದೂ ನನ್ನ ವಯಸ್ಸಿನವರಿಗೆ, ಕಲಿಸುವವರು ಇರಲಿಲ್ಲ. ಮಸೀದಿಯ ಹಜರತ್ತರು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಹೋಗಿ ಕೇಳಿದೆ.

"ಟೀಚರ್, ನಮಾಜು ಮಾಡ್ಸಕ್ಕೆ ಎಷ್ಟು ಬೇಕೋ ಅಷ್ಟು ನಂಗೆ ಬರ್ತದೆ. ಅದಕ್ಕಿಂತ ಹೆಚ್ಚಿಂದು ಕಲ್ತೋರ ಹತ್ರಾನೇ ಕಲೀಬೇಕು. ಸುಳ್ಳು ಹೇಳಿ ನಿಮ್ಮನ್ನ ಕೂರಿಸ್ಕಳ್ಳಲ್ಲ" ಎಂದರು.

ಕಲಿತವರು ಫೋನಿನಲ್ಲಿ ಸಿಕ್ಕರು. ದೂರದ ಊರಿನ ಹೆಂಗಸು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಇವತ್ತಿಗೂ ಮುಖ ನೋಡಿಲ್ಲ. ನಮ್ಮದು ಹತ್ತಿ ಹಿಂಜುವವರ ಮನೆತನ, ಮನೆಯಲ್ಲಿ ಕನ್ನಡವೇ ಮಾತು. ಅವರಿಗೆ ಕನ್ನಡ ಬಾರದು. ಎಲ್ಲ ನನ್ನ ಮುರುಕು ಉರ್ದುವಿನಲ್ಲೇ ನಡೆಯಬೇಕು. ಹೈಸ್ಕೂಲಿನಲ್ಲಿ ದಿನವಿಡೀ ಗಣಿತ ಹೇಳಿ ಬಂದ ಗಂಟಲು, ಅದರ ತಳದಿಂದ ಅಕ್ಷರ ಎಬ್ಬಿಸಬೇಕು. ನೆಟ್‌ವರ್ಕ್ ಸಿಗುವುದು ತಾರಸಿಯ ಟ್ಯಾಂಕಿನ ಪಕ್ಕ ಮಾತ್ರ. ಒಂದೇ ಸಾಲು ಹತ್ತು ಸಲ, ಹನ್ನೆರಡು ಸಲ. ಪ್ರತಿ ಸಲ ಆ ಕಡೆಯಿಂದ ಒಂದೇ ಮಾತು: "ಇನ್ನೊಮ್ಮೆ." ಸಿಟ್ಟಿಲ್ಲ, ಮೆಚ್ಚುಗೆಯೂ ಇಲ್ಲ. ಎರಡು ವರ್ಷ ಹೀಗೆ. ಮೂರು ಎಂದು ಬರೆದು ಹೊಡೆದು ಹಾಕಿದೆ.

ಅವ್ವ ಶಿಕಾರಿಪುರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ನನ್ನ ಕಲಿಕೆಯ ಎರಡನೆಯ ವರ್ಷ ಬೇಸಿಗೆ ರಜೆಗೆ ಸೊರಬಕ್ಕೆ ಬಂದಿದ್ದಳು. ಅಪ್ಪ ತೀರಿಕೊಂಡಾಗಿನಿಂದ ಅವನ ಹೆಸರಿನಲ್ಲಿ ವರ್ಷಕ್ಕೊಂದು ಸಲ ಕುರ್‌ಆನ್ ಪೂರ್ತಿ ಓದಿ ಮುಗಿಸುವುದು ಅವಳ ಪದ್ಧತಿ. ಬೆಳಿಗ್ಗೆ ನಡುಮನೆಯಲ್ಲಿ ಓದುತ್ತಿದ್ದಳು, ನಾನು ಬೀನ್ಸ್ ಹೆಚ್ಚುತ್ತಿದ್ದೆ. ಬಾಯಿ ತಡೆಯಲಿಲ್ಲ.

"ಅಲ್ಲಿ ನಿಲ್ಲಬಾರ್ದು ಅವ್ವಾ. ಮುಂದಕ್ಕೆ ಹೋಗಿ ನಿಲ್ಲಬೇಕು."

"ಯಾಕೆ?"

"ಅರ್ಥ ಮುರಿದು ಹೋಗ್ತದೆ."

"ಅರ್ಥ ನಂಗೆಲ್ಲಿ ಗೊತ್ತೈತೆ? ನಮ್ಮಪ್ಪ ಅಲ್ಲೇ ನಿಲ್ತಿದ್ದ. ಹತ್ತಿ ಹಿಂಜ್ತಾ ಹಿಂಜ್ತಾ ಹೇಳ್ಕೊಡ್ತಿದ್ದ. ಹತ್ತಿ ಮಗುಚಾಕೆ ಹಿಂಜೋ ಬಿಲ್ಲು ನಿಲ್ಸಿದ್ರೆ ಓದೂ ನಿಲ್ತಿತ್ತು. ನಾನೂ ಅಲ್ಲೇ ಉಸಿರು ತಗೊಂಡು ಕಲ್ತೆ."

ಅಜ್ಜ ಹತ್ತಿಯ ಧೂಳಿಗೆ ಕೆಮ್ಮುತ್ತಿದ್ದ, ಕೆಮ್ಮು ಬಂದಲ್ಲೂ ಅವ್ವ ನಿಲ್ಲುವುದನ್ನು ಕಲಿತಳು ಎಂದು ನನ್ನ ತಲೆಯಲ್ಲಿದೆ. ಅದನ್ನು ಅವಳು ಹೇಳಿದಳೋ, ಚೆನ್ನಾಗಿ ಹೊಂದುತ್ತದೆಂದು ನಾನೇ ಸೇರಿಸಿಕೊಂಡೆನೋ ಹೇಳಲಾರೆ. ಮುಂದಿನ ಮಾತು ಮಾತ್ರ ಅವಳದೇ.

"ಹಂಗಾರೆ ನಿಮ್ಮಪ್ಪಂಗೆ ಇಷ್ಟು ವರ್ಷ ಓದಿದ್ದು? ಅದೂ ತಪ್ಪೇನೇ?"

ಗೊತ್ತಿಲ್ಲ ಎಂದು ಹೇಳುವ ಬದಲು ಬೀನ್ಸ್ ಹೆಚ್ಚಿದೆ. ಅವಳು ಕುರ್‌ಆನನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು. ಎರಡು ದಿನ ಬಿಟ್ಟು, ಹೇಳಿದ್ದಕ್ಕಿಂತ ಮೊದಲೇ, ಶಿಕಾರಿಪುರಕ್ಕೆ ಹೊರಟಳು.

ಹದಿನೈದು ದಿನಕ್ಕೆ ಅತ್ತಿಗೆಯ ಫೋನು. "ಏನಂದ್ರೀ ನೀವು ಅತ್ತೆಗೆ? ಓದೋದೇ ಬಿಟ್ಟಾರೆ. ಬೆಳಿಗ್ಗೆ ಎದ್ದು ಸುಮ್ನೆ ಗೋಡೆ ನೋಡ್ಕೊಂಡು ಕೂರ್ತಾರೆ. ನಿಮ್ಮಣ್ಣ ಕೇಳಿದ್ರೆ, 'ನಂದೆಲ್ಲ ಸುಳ್ಳಂತೆ, ಮಗಳು ಹೇಳ್ಯಾಳೆ' ಅಂತಾರೆ."

ಸುಳ್ಳು ಎಂದು ನಾನು ಹೇಳಿರಲಿಲ್ಲ. ಹೇಳಿದ್ದಕ್ಕೂ ಅವಳಿಗೆ ಕೇಳಿಸಿದ್ದಕ್ಕೂ ಹೆಚ್ಚು ದೂರವೂ ಇರಲಿಲ್ಲ.

ಫೋನಿನ ಗುರುಗಳನ್ನು ಕೇಳಿದೆ. "ಓದಿದ್ದು ವ್ಯರ್ಥವಲ್ಲ. ತಿಳಿಯದೆ ಆದದ್ದು ಅವರ ತಲೆಯ ಮೇಲೆ ಬರುವುದಿಲ್ಲ" ಎಂದರು. ಸಮಾಧಾನವಾಗುವಷ್ಟರಲ್ಲಿ ಮುಂದುವರಿಸಿದರು: "ಆದರೆ ಈಗ ನೀವು ತಿಳಿಸಿಬಿಟ್ಟಿದ್ದೀರಿ. ಕಲಿಸುವುದೂ ನಿಮ್ಮ ಮೇಲೆ ಬಂತು."

ನನಗೇ ಅರ್ಧ ಬರುವುದಿಲ್ಲ ಎಂದೆ. ಬರುವ ಅರ್ಧವನ್ನು ಕಲಿಸಿ ಎಂದರು.

ಹಾಗಾಗಿ ಶನಿವಾರಗಳು. ಬೆಳಗಿನ ಶಾಲೆ ಮುಗಿಸಿ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ನಿಂತೇ ಶಿಕಾರಿಪುರ ಸೇರುವುದು.

"ಬಂದ್ಲು ನೋಡು ಇನ್ಸ್‌ಪೆಕ್ಟ್ರು. ಬೆತ್ತ ತಂದೀಯೇನೇ?" ಎಂದು ಅವ್ವ ಅತ್ತಿಗೆಗೆ ಕೇಳುವಂತೆ ಹೇಳಿದಳು. ಗುರುಗಳ ಮಾತು ತಿಳಿಸಿದೆ. ವ್ಯರ್ಥವಲ್ಲ ಎಂಬುದನ್ನು ಎರಡು ಸಲ ಹೇಳಿಸಿಕೊಂಡಳು. ಆದರೂ ಪುಸ್ತಕ ಮುಟ್ಟಲಿಲ್ಲ. ಎರಡನೆಯ ಶನಿವಾರವೂ ಇಲ್ಲ; ಚಹಾ ಕುಡಿದು ವಾಪಸಾದೆ. ಮೂರನೆಯದಕ್ಕೆ, ನಾನು ದಣಿದು ಗೋಡೆಗೊರಗಿ ಕಣ್ಣು ಮುಚ್ಚಿದ್ದಾಗ, ಬಟ್ಟೆ ಬಿಚ್ಚಿ ಕೂತಳು.

ಕಷ್ಟ ಆಗ ಶುರುವಾಯಿತು. ಸರಿಯಾಗಿ ನಿಲ್ಲಬೇಕಾದ ಜಾಗದ ತನಕ ಎಪ್ಪತ್ತಾರರ ಉಸಿರು ಮುಟ್ಟುತ್ತಿರಲಿಲ್ಲ. ಅಜ್ಜ ನಿಂತಲ್ಲಿಗೇ ಬಂದು ಸೋಲುತ್ತಿತ್ತು. ಅವಳು ನನ್ನ ಮುಖ ನೋಡಿದಳು.

"ಆಗಲ್ಲ ಕಣೇ."

"ಉಸಿರು ಮುಗಿದ್ರೆ ನಿಲ್ಲಬೌದು. ಆಮೇಲೆ ಅಲ್ಲಿಂದ್ಲೇ ಎತ್ಕೋಬೇಡ. ಒಂದೆರಡು ಪದ ಹಿಂದಕ್ಕೆ ಬಂದು ಸೇರಿಸ್ಕೊಂಡು ಹೋಗು."

"ಇಷ್ಟೇನಾ? ಇದನ್ನ ಅವತ್ತೇ ಬೊಗಳಬಾರ್ದಿತ್ತಾ?"

ಅವತ್ತು ನನಗೇ ಗೊತ್ತಿರಲಿಲ್ಲ. ಆ ಪಾಠ ನನಗಾದದ್ದು ಹಿಂದಿನ ಬುಧವಾರ.

ಅವಳು ನಿಂತಳು, ಹಿಂದಕ್ಕೆ ಬಂದಳು, ಸೇರಿಸಿದಳು. ಮತ್ತೆ ನಿಂತಳು. ನಿಲುಗಡೆಗಳು ಹಳೆಯವೇ. ಅರ್ಧ ಪುಟಕ್ಕೆ ಇಬ್ಬರಿಗೂ ಸಾಕಾಯಿತು. ಅಪ್ಪನ ಹೆಸರಿನದನ್ನು ಮೊದಲ ಪುಟದಿಂದ ಮತ್ತೆ ಹಿಡಿಯುತ್ತೇನೆ ಎಂದಳು. ವಾಪಸು ಬಸ್ಸಿನಲ್ಲಿ ವಾರಕ್ಕೆ ಅರ್ಧ ಪುಟದಂತೆ ಆರುನೂರು ಚಿಲ್ಲರೆ ಪುಟಕ್ಕೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿದೆ, ಹಾಕಬಾರದಿತ್ತು.

ನಾನಿಲ್ಲದಾಗ ಒಬ್ಬಳೇ ಓದಬೇಡ, ತಪ್ಪು ಗಟ್ಟಿಯಾಗುತ್ತದೆ ಎಂದು ಹೇಳಿ ಬಂದಿದ್ದೆ. ಮಂಗಳವಾರ ಅತ್ತಿಗೆ ಫೋನ್ ಮಾಡಿದರು.

"ಬೆಳಿಗ್ಗೆ ಎದ್ದು ಓದ್ತಾ ಕೂತಾರ್ರೀ. ನೀವು ಬ್ಯಾಡ ಅಂದಿದ್ರಂತೆ. ಏನ್ ಹೇಳ್ಲಿ?"

ಏನೂ ಹೇಳಬೇಡಿ ಎಂದೆ.