ಗುರುವಾರದ ತರಗತಿಯ ಮೊದಲ ಮಾತು

ಗರ್ಭಿಣಿಯರಿಗೆ ಹಾಲು ಕುಡಿ, ಸೊಪ್ಪು ತಿನ್ನು ಎಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅಫೀಮಿನ ಜಾತಿಯ ನೋವಿನ ಮಾತ್ರೆಗೆ ಅಂಟಿಕೊಂಡು, ಹೊಟ್ಟೆಯಲ್ಲಿ ಮಗುವನ್ನೂ ಹೊತ್ತು ಬಂದವಳಿಗೆ ಕುರ್ಚಿ ಎಳೆದು ಕೊಟ್ಟು, ಇದಕ್ಕೂ ಚಿಕಿತ್ಸೆ ಇದೆ ಎಂದು ತಿಳಿಸಿ ಹೇಳಿದವರು ನಮ್ಮ ಆಸ್ಪತ್ರೆಯಲ್ಲಿ ಒಬ್ಬರೇ. ಮೂವತ್ತೊಂದು ವರ್ಷ ದಾದಿಯಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಹೆಂಗಸರೆಲ್ಲ ಕರೆಯುವುದು 'ಸಿಸ್ಟರಕ್ಕ' ಎಂದು. ಅಭಿನಂದನೆಯ ಪುಸ್ತಕದಲ್ಲಿ ತಪ್ಪಿನ ಮಾತು ಎತ್ತಬಾರದಂತೆ. ಎತ್ತದಿದ್ದರೆ ಇವರ ಸೇವೆ ಏನೆಂದೇ ತಿಳಿಯುವುದಿಲ್ಲ.

ಸೇವೆಗೆ ಸೇರಿದ ನಾಲ್ಕನೆಯ ವರ್ಷ. ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಮಾತ್ರೆಯ ಚಟಕ್ಕೆ ಬಿದ್ದಿದ್ದ ಹೊಲಿಗೆಯವಳೊಬ್ಬಳು, ಆರು ತಿಂಗಳ ಬಸುರಿ, ದಿನಾ ಬೆಳಿಗ್ಗೆ ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ನಿಂತು, ಆ ಮಾತ್ರೆಯ ಬದಲಿಗೆ ಅಳತೆಯಲ್ಲಿ ಕೊಡುವ ಚಿಕಿತ್ಸೆಯ ಔಷಧಿ ಕುಡಿದು ಹೋಗುತ್ತಿದ್ದಳು. ನುಂಗಿದ್ದಾಯಿತೆಂದು ಬಾಯಿ ತೆರೆದು ತೋರಿಸಿದ ಮೇಲೇ ಬಿಡುವುದು ಅಲ್ಲಿಯ ಪದ್ಧತಿ. ಸಾಲಿನಲ್ಲಿದ್ದವರೆಲ್ಲ ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. ನಾಲ್ಕು ದಿನ ಅವಳ ಸುಳಿವಿಲ್ಲ. ಐದನೆಯ ದಿನ ಬೆವರುತ್ತ, ನಡುಗುತ್ತ, ನಗುತ್ತ ಬಂದಳು.

"ಅಕ್ಕಾ, ಬಿಟ್ಟೇಬಿಟ್ಟೆ! ನಿಮ್ಮ ಔಷಧೀನೂ ಒಂದು ತೊಟ್ಟು ಮುಟ್ಟಿಲ್ಲ."

"ಭೇಷ್! ನೀನು ಕಣೇ ಗಟ್ಟಿಗಿತ್ತಿ," ಎಂದು ಸಿಸ್ಟರಕ್ಕ ಬೆನ್ನು ತಟ್ಟಿ ಕಳಿಸಿದರು.

ಬಿಟ್ಟರೆ ಒಳ್ಳೆಯದೆಂದೇ ಆಗ ನಾವೆಲ್ಲ ತಿಳಿದಿದ್ದೆವು. ಅದಾದ ಮೂರನೆಯ ದಿನ ಅವಳಿಗೆ ಅಕಾಲದಲ್ಲಿ ಹೆರಿಗೆ ನೋವು ಬಂತು, ಮಗು ಉಳಿಯಲಿಲ್ಲ. ಅದೇ ಕಾರಣವೆಂದು ಡಾಕ್ಟರು ಖಡಾಖಂಡಿತ ಹೇಳಲಿಲ್ಲ. ಆದರೆ ಬಸಿರಿನಲ್ಲಿ ಔಷಧಿ ಥಟ್ಟನೆ ನಿಲ್ಲಿಸುವುದು ಅಪಾಯ, ಕೂಡಲೇ ತಮ್ಮ ಬಳಿ ಕಳಿಸಬೇಕಿತ್ತು ಎಂದರು. ಹೊಲಿಗೆಯವಳು ಮತ್ತೆ ಬರಲಿಲ್ಲ. ಸಿಸ್ಟರಕ್ಕ ಎರಡು ಸಲ ಮನೆ ಹುಡುಕಿಕೊಂಡು ಹೋದರು, ಬಾಗಿಲಿಗೆ ಬೀಗ.

ಗುರುವಾರದ ತರಗತಿ ಹುಟ್ಟಿದ್ದು ಆಮೇಲೆ, ಹಾಸಿಗೆ ಬಟ್ಟೆ ಒಟ್ಟುವ ಕೋಣೆಯಲ್ಲಿ, ಆರು ಕುರ್ಚಿ ಹಾಕಿ. ಬಸುರಿಯರಿಗೆ ಕಿಟಕಿಯ ಸಾಲು ತಪ್ಪಿಸಿ ಆ ಕೋಣೆಯಲ್ಲೇ ಔಷಧಿ ಕೊಡಿಸಲು ಮೇಲಿನವರೊಡನೆ ಎರಡು ವರ್ಷ ಜಗಳವಾಡಿದರು. ತರಗತಿಯ ಮೊದಲ ಮಾತು ಸದಾ ಒಂದೇ: "ನಾನೊಂದು ತಪ್ಪು ಮಾಡಿದ್ದೀನಿ, ಕೇಳಿ."

ಒಮ್ಮೆ ಸೊಸೆಯ ಜೊತೆ ಬಂದಿದ್ದ ಅತ್ತೆಯೊಬ್ಬಳು ಎದ್ದು ನಿಂತಳು. "ಒಂದು ವಿಷ ಬಿಡಿಸೋಕೆ ಇನ್ನೊಂದು ವಿಷನಾ?"

"ಕೂತ್ಕೊಳ್ಳಿ ಅಮ್ಮಾ. ನಿಮ್ಮ ಬಿಪಿ ಮಾತ್ರೆ ನಾಳೆಯಿಂದ ನಿಲ್ಲಿಸಿಬಿಡ್ತೀರಾ?"

"ಅಯ್ಯೋ, ನಾನು ಸಾಯ್ಲಾ?"

"ಇದೂ ಹಾಗೇ. ಅಳತೆ ಡಾಕ್ಟ್ರು ನೋಡ್ಕೋತಾರೆ. ಹುಟ್ಟಿದ ಮೇಲೆ ಕೂಸು ಒಂದಷ್ಟು ದಿನ ನಡುಗಬಹುದು, ಬಿಡದೆ ಅಳಬಹುದು. ಅದಕ್ಕೂ ಮದ್ದಿದೆ. ಎತ್ಕೊಳ್ಳೋಕೆ ಮಾತ್ರ ಅಜ್ಜಿ ಬೇಕು. ಬರ್ತೀರೋ, ಇಲ್ಲ ಬರೀ ಬಾಯಿನೋ?"

ಕೋಣೆಯೆಲ್ಲ ನಕ್ಕಿತು. ಆ ಅತ್ತೆ ಬಂದಳು. ಹನ್ನೊಂದು ದಿನ ಮೊಮ್ಮಗಳನ್ನು ಎದೆಗವಚಿಕೊಂಡು ವಾರ್ಡಿನಲ್ಲಿ ಕೂತಳು.

ಇಂಥ ಎಷ್ಟೋ ಕೂಸುಗಳು ಮನೆ ಸೇರಿದವು. ಆದರೂ ತರಗತಿಯ ನಡುವೆ ಬಾಗಿಲು ಸದ್ದಾದರೆ ಸಿಸ್ಟರಕ್ಕನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಬೀದಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿದರೆ ಒಳಗೆ ಇಣುಕದೆ ಮುಂದೆ ಹೋದವರಲ್ಲ. "ಈಗ ಅವಳ ಮುಖ ಹೇಗಾಗಿದೆಯೋ. ಎದುರಿಗೆ ಬಂದ್ರೂ ಗುರುತು ಸಿಗುತ್ತೋ ಇಲ್ವೋ," ಎಂದು ಒಮ್ಮೆ ಬಟ್ಟೆ ಮಡಿಸುತ್ತ ಅಂದಿದ್ದರು.

ಸಿಸ್ಟರಕ್ಕನ ಆಯುಸ್ಸು ಗಟ್ಟಿಯಿರಲಿ, ದನಿ ಇನ್ನೂ ಗಟ್ಟಿಯಿರಲಿ. ನಿವೃತ್ತಿಯ ಮೇಲೂ ಗುರುವಾರ ಬರುವುದಾಗಿ ಒಪ್ಪಿದ್ದಾರೆ, ಬಹುಕಾಲ ಬರುತ್ತಿರಲಿ. ಈ ಪುಟ ಆ ಹೊಲಿಗೆಯವಳ ಕೈಗೆ ಸಿಕ್ಕರೆ ಅವಳಿಗೊಂದು ಮಾತು: ತಪ್ಪು ನಿನ್ನದಲ್ಲ, ತಂಗಿ. ಅದನ್ನು ನಿನಗೆ ಹೇಳಲು ಒಬ್ಬರು ಇಪ್ಪತ್ತೇಳು ವರ್ಷದಿಂದ ಕಾದಿದ್ದಾರೆ. ಯಾವ ಗುರುವಾರವಾದರೂ ಬೆಳಿಗ್ಗೆ ಹತ್ತಕ್ಕೆ ಬಾ.