ಬೀಡಿ ವಾಸನೆ ಬಾರದ ಕೋಣೆ

ನನಗೆ ಮೊದಲಿನಿಂದಲೂ ಬಾಯಿ ಜೋರು, ಧೈರ್ಯ ಕಡಿಮೆ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಅಪ್ಪನಿಗೇ ಎದುರುತ್ತರ ಕೊಡುತ್ತಿದ್ದವಳು, ಹುತ್ತೂರಿನ ಆಚೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಲೆಕ್ಕದ ಟೀಚರಾಗಿ ಹೋದಮೇಲೆ ಬೀಡಿ ವಾಸನೆಗೆ ಬೆವರುವುದನ್ನು ಕಲಿತೆ. ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದನ್ನು ಖಾಯಂ ಮಾಡಬೇಕಾದವರು ಶಾಲೆಯ ಕಮಿಟಿಯ ಅಧ್ಯಕ್ಷರು. ನಾನು ಬಾಡಿಗೆಗಿದ್ದದ್ದು ಅವರ ಮನೆಯದೇ ಹೊರಗಿನ ಕೋಣೆಯಲ್ಲಿ. ಅವರ ಒಬ್ಬಳೇ ಮಗಳು ಓದುತ್ತಿದ್ದದ್ದು ನನ್ನ ಒಂಬತ್ತನೇ ಕ್ಲಾಸಿನಲ್ಲಿ. ಹೆದರಿ ಸಾಯೋಕೆ ಇನ್ನೇನು ಬೇಕು?

ಅಧ್ಯಕ್ಷರು ಕೂಗಾಡುವವರಲ್ಲ. ಮೆಲ್ಲಗೆ, ನಗುನಗುತ್ತಲೇ ಮಾತಾಡುತ್ತಿದ್ದರು. ಬೀಡಿ ಮಾತ್ರ ಒಂದು ಮುಗಿಯುವ ಮೊದಲೇ ಇನ್ನೊಂದು. ಅವರಿಗಿಂತ ಮುಂಚೆ ಆ ವಾಸನೆ ನನ್ನ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು, ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತುಬಿಡುತ್ತಿದ್ದೆ.

ವಾರ್ಷಿಕ ಪರೀಕ್ಷೆಯಲ್ಲಿ ಆ ಹುಡುಗಿಯ ಲೆಕ್ಕದ ಪೇಪರು ನೋಡಿ ನಾನು ಕಂಗಾಲಾದೆ. ಕ್ಲಾಸಿಗೆಲ್ಲ ಜಾಣೆ ಅವಳು. ಬೋರ್ಡಿನ ಮೇಲೆ ನಾನು ತಪ್ಪಿದರೆ ‘ಮಿಸ್, ಅಲ್ಲಿ ಮೈನಸ್ಸು’ ಎಂದು ಎದ್ದು ನಿಲ್ಲುತ್ತಿದ್ದ ಪೋರಿ. ಪ್ರಶ್ನೆಗಳನ್ನೆಲ್ಲ ದುಂಡಗೆ ನಕಲು ಮಾಡಿದ್ದಳು, ಒಂದಕ್ಕೂ ಉತ್ತರ ಬರೆದಿರಲಿಲ್ಲ. ಕರೆದು ಕೇಳಿದರೆ ‘ಬರಲಿಲ್ಲ ಮಿಸ್’ ಎಂದು ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ‘ಸುಳ್ಳು ಹೇಳ್ಬೇಡ ಕಣೇ’ ಎಂದು ಗದರಿದೆ.

ಮಾರನೆಯ ಬೆಳಿಗ್ಗೆಯೇ ಬೀಡಿ ವಾಸನೆ ಬಂತು. ಅಧ್ಯಕ್ಷರು ಒಂದು ಕುಕ್ಕೆ ಮಾವಿನಕಾಯಿ ತಂದಿದ್ದರು.

‘ಶ್ರೀನಿವಾಸಪುರದಲ್ಲಿ ನಮ್ಮ ನೆಂಟರ ತೋಪಿನವು ಟೀಚರಮ್ಮ, ಉಪ್ಪಿನಕಾಯಿ ಹಾಕ್ಕೊಳ್ಳಿ. ಹುಡುಗಿ ಲೆಕ್ಕದಾಗೆ ಸೊನ್ನೆಯಂತೆ? ಮಾಲೂರಿನೋರು ಒಂಬತ್ತು ಪಾಸಾದ ಹೆಣ್ಣೇ ಬೇಕು ಅಂದವ್ರೆ. ಗಂಡು ಕೆಲ್ಸದಾಗವ್ನೆ. ಸ್ವಲ್ಪ ತಿದ್ದಿಬಿಡಿ.’

‘ತಿದ್ದೋಕೆ ಪೇಪರಲ್ಲಿ ಏನೂ ಇಲ್ಲ ಸಾರ್.’

‘ಇಲ್ದಿದ್ರೆ ನೀವು ಹಾಕಿ. ನಿಮ್ಮ ಕೆಲ್ಸದ ಕಾಗ್ದಾನೂ ನನ್ನ ಮೇಜಿನ ಮೇಲೇ ಐತೆ ನೋಡಿ’ ಎಂದು ನಕ್ಕರು.

ಹೆಡ್‌ಮಾಸ್ಟರ ಬಳಿ ಓಡಿದೆ. ಅವರು ನನಗಿಂತ ಹೆಚ್ಚಿನ ಪುಕ್ಕಲರು. ‘ಒಂಬತ್ತನೇದು ನಮ್ಮ ಕೈಲೇ ಇರೋದು ಕಣಮ್ಮ. ಮೂವತ್ತೈದು ಹಾಕಿ ಆಚೆ ತಳ್ಳು. ನಾನೂ ಹೆಂಡ್ತಿ ಮಕ್ಕಳಿರೋನು’ ಎಂದರು. ಅದೇ ಸರಿ ಎಂದುಕೊಂಡೆ. ಹುಡುಗಿಗೂ ಒಂದು ವರ್ಷ ಉಳಿಯಿತು, ನನಗೂ ಕೆಲಸ ಉಳಿಯಿತು.

ಸಂಜೆ ಹುಡುಗಿಯ ತಾಯಿ ಬಾಗಿಲಿಗೆ ಬಂದು, ‘ಕೈಕಾಲು ತೊಳ್ಕೊಂಡು ಬನ್ನಿ ಟೀಚರಮ್ಮ’ ಎಂದು ಹುಳದ ಮನೆಗೆ ಕರೆದರು. ರೇಷ್ಮೆ ಹುಳು ಸಾಕುವ ಆ ಕೋಣೆಗೆ ಹೊರಗಿನವರನ್ನು ಬಿಡುವ ಪದ್ಧತಿಯೇ ಇಲ್ಲ, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಬೀಡಿ ಸೇದುವವರಂತೂ ಹೊಸ್ತಿಲು ದಾಟುವಂತಿಲ್ಲ. ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳು ಸಾಯುತ್ತವೆ. ಹೀಗಾಗಿ ಊರೆಲ್ಲ ಹೆದರುವ ಅಧ್ಯಕ್ಷರು ತಮ್ಮದೇ ಮನೆಯ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಬಿದಿರಿನ ತಟ್ಟೆಗಳಲ್ಲಿ ಹುಳುಗಳು ಸರಸರ ಸೊಪ್ಪು ತಿನ್ನುತ್ತಿದ್ದವು. ಆಕೆ ಸೊಪ್ಪು ಹರಡುತ್ತಲೇ, ನನ್ನ ಮುಖ ನೋಡದೆ ಹೇಳಿದರು:

‘ನಾನೇ ಬರೀಬೇಡ ಅಂದಿದ್ದು ಕಣಮ್ಮ. ಆ ಗಂಡಿಗೆ ಇವಳ ಎರಡರಷ್ಟು ವಯಸ್ಸೈತೆ. ನಾನು ಬೇಡ ಅಂದ್ರೆ ಈ ಮನೇಲಿ ಯಾರು ಕೇಳ್ತಾರೆ? ಫೇಲಾದ್ರೆ ಮಾಲೂರಿನೋರೇ ಬೇಡ ಅಂತಾರೆ. ನೀವು ಪಾಸು ಮಾಡಿಬಿಟ್ರೆ ಮುಗೀತು. ಇವರಿಗೆ ಗೊತ್ತಾದ್ರೆ ನನ್ನ ಸಿಗಿದು ಹಾಕ್ತಾರೆ.’ ಆಮೇಲೆ ತೆಲುಗಿನಲ್ಲಿ ‘ನಾ ಬಿಡ್ಡಮ್ಮಾ, ನಾ ಬಿಡ್ಡ’, ನನ್ನ ಮಗು ಕಣಮ್ಮ, ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅಯ್ಯೋ ದೇವರೇ! ಅತ್ತ ದರಿ, ಇತ್ತ ಹುಲಿ. ಈ ಹೆಂಗಸು ನನಗೆ ಯಾಕಾದರೂ ಹೇಳಿದಳೋ ಎಂದು ಆಕೆಯ ಮೇಲೆ ಸಿಟ್ಟೂ ಬಂತು.

ಮಾರ್ಕ್ಸ್ ಪಟ್ಟಿಯಲ್ಲಿ ಸೊನ್ನೆಯನ್ನೇ ಬರೆದು ಸಹಿ ಹಾಕಿದೆ. ಮಾರನೆಯ ಬೆಳಿಗ್ಗೆ ಅಧ್ಯಕ್ಷರು ಬಂದು ‘ಆಯ್ತಾ ಟೀಚರಮ್ಮ?’ ಎಂದಾಗ ಅಷ್ಟು ಜೋರಿನ ನನ್ನ ಬಾಯಿ ಒಣಗಿಹೋಯಿತು. ಇಲ್ಲವೆಂದು ತಲೆಯಷ್ಟೇ ಆಡಿಸಿದೆ. ಅವರು ಬೀಡಿಯನ್ನು ನನ್ನ ಹೊಸ್ತಿಲಿಗೇ ಒತ್ತಿ ಆರಿಸಿ, ‘ಸಂಜೆಗೆ ಕೋಣೆ ಖಾಲಿ ಮಾಡಿ’ ಎಂದು ಹೊರಟರು.

ಮಾಲೂರಿನವರು ಬೇರೆ ಹೆಣ್ಣು ನೋಡಿಕೊಂಡರು. ಬೇಸಿಗೆ ರಜೆಯಲ್ಲೆಲ್ಲ ಮುಳಬಾಗಿಲಿನಲ್ಲಿ ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಹಿತ್ತಿಲಿಗೆ ಓಡುತ್ತಿದ್ದೆ. ಕೆಲಸ ಹೋಯಿತು ಎನ್ನುವ ಕಾಗದ ಬರಲಿಲ್ಲ. ಆ ಕೊಂಪೆಗೆ ಬೇರೆ ಲೆಕ್ಕದ ಟೀಚರು ಸಿಗಲಿಲ್ಲವಂತೆ.

ಹುಡುಗಿ ಮತ್ತೆ ಒಂಬತ್ತರಲ್ಲೇ ಕೂತಳು. ಮೊದಲ ಟೆಸ್ಟಿನಲ್ಲಿ ಒಂದು ಲೆಕ್ಕವನ್ನೂ ತಪ್ಪು ಮಾಡಲಿಲ್ಲ. ಖುಷಿಯಿಂದ ಪೂರ್ತಿ ಅಂಕ ಕೊಟ್ಟೆ. ನನ್ನ ಬುದ್ಧಿಗಿಷ್ಟು! ಎರಡೇ ದಿನಕ್ಕೆ ಬೀಡಿ ವಾಸನೆ ಸ್ಟಾಫ್ ರೂಮಿಗೇ ಬಂತು. ಮಗಳನ್ನು ತೋಳು ಹಿಡಿದು ಕರೆತಂದಿದ್ದರು.

‘ಅದೇ ಹುಡುಗಿ, ಅದೇ ಟೀಚರು. ಹೋದ ವರ್ಷ ಸೊನ್ನೆ, ಈ ವರ್ಷ ಫುಲ್ಲು! ಬೇಕಂತಲೇ ಬರೀಲಿಲ್ವಾ ಇವ್ಳು? ಯಾರು ಹೇಳ್ಕೊಟ್ರು?’

ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ. ಹುಡುಗಿಯ ತುಟಿ ಅದುರುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ‘ಅಮ್ಮ’ ಎಂದುಬಿಡುತ್ತಾಳೆ ಎನ್ನಿಸಿ ನಾನೇ ನಡುವೆ ಬಾಯಿ ಹಾಕಿದೆ.

‘ತಪ್ಪು ನಂದೇ ಸಾರ್’ ಎಂದೆ. ‘ಹೋದ ವರ್ಷ ಆ ಲೆಕ್ಕಗಳು ನನಗೇ ಬರ್ತಿರಲಿಲ್ಲ. ಏನೇನೋ ಹೇಳ್ಕೊಟ್ಟು ಮಗು ತಲೆ ಕೆಡಿಸಿಬಿಟ್ಟೆ. ರಜೆಯಲ್ಲಿ ಕೂತು ಕಲ್ತ್ಕೊಂಡು ಬಂದೆ.’

ಸ್ಟಾಫ್ ರೂಮಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನನ್ನನ್ನೇ ದಿಟ್ಟಿಸಿ, ಆಮೇಲೆ ಗಹಗಹಿಸಿ ನಕ್ಕು, ‘ಹಂಗ್ ಹೇಳಿ ಮತ್ತೆ!’ ಎಂದು ಮಗಳ ತೋಳು ಬಿಟ್ಟರು.

ಅವಳು ಹತ್ತನೆಯದನ್ನೂ ಮುಗಿಸಿದಳು. ನನಗೆ ಮಾತ್ರ ಊರಿನಲ್ಲಿ ‘ಲೆಕ್ಕ ಬರದ ಲೆಕ್ಕದ ಮಿಸ್ಸು’ ಎಂದೇ ಹೆಸರು ನಿಂತಿತು. ಬೇರೆ ಊರಿಗೆ ಕೆಲಸ ಸಿಕ್ಕಿ ಹೊರಟ ದಿನ ಆ ತಾಯಿ ಬಸ್ಸಿನವರೆಗೂ ಬಂದು ನನ್ನ ಕೈ ಹಿಡಿದುಕೊಂಡರು.

‘ನಿಮಗೆ ಲೆಕ್ಕ ಬರಲ್ಲ ಅಂತ ಇವರು ಇನ್ನೂ ಎಲ್ಲರ ಹತ್ರ ಹೇಳ್ಕೊಂಡು ನಗ್ತಾರಮ್ಮ.’

‘ನಗ್ತಾನೇ ಇರ್ಲಿ ಬಿಡಕ್ಕ’ ಎಂದೆ. ‘ನಗೋವಾಗ ಅವರು ಬೇರೇನೂ ಯೋಚ್ನೆ ಮಾಡಲ್ಲ.’